ನೀಲಾಂಬಿಕೆಯ ಕೊರಳಿನ ಬಾಣ

ಶಾಲೆಯ ತಾರಾಬಾಯಿ ಅಕ್ಕೋರು ಬೇವಿನ ರೆಂಬೆಯ ಸಿಪ್ಪೆ ಹೆರೆಯುತ್ತಿದ್ದರು. ಸುತ್ತ ಹುಡುಗಿಯರು ಕುಳಿತಿದ್ದರು. ಆ ಚಾಕುವಿನ ಕೆಳಗೆ ನಾನು ಹುಟ್ಟಿದೆ. ನಾನು ಒಂದು ಮರದ ಬಾಣ, ಬೆರಳಿನಷ್ಟು ಉದ್ದ. ಹುಟ್ಟಿದಾಗಿನಿಂದ ನನಗೆ ಚಾಕುವಿನ ಭಯ.

ಅಕ್ಕೋರ ಗೈಡ್ಸ್ ದಳದಲ್ಲಿ ಆ ವರ್ಷ ಬಾಣದ ಬಳಗ ಶುರುವಾಯಿತು. ಗೆಳತಿಯರು ಆರಿಸಿದವರಿಗೆ ಮಾತ್ರ ಅದರಲ್ಲಿ ಜಾಗ. ಅವರೂ ಒಂದು ಹಗಲು ಮಾತಿಲ್ಲದೆ ದುಡಿದು ತೋರಿಸಬೇಕು. ಬಾಯಿ ಬಿಟ್ಟರೆ ಕೊರಳಿನ ಬಾಣಕ್ಕೆ ಒಂದು ಕಚ್ಚು. ಮೂರನೆಯ ಸಲ ಬಾಣವನ್ನೇ ಮುರಿಯುತ್ತಾರೆ. ಆ ಹುಡುಗಿಗೆ ಬಳಗವಿಲ್ಲ.

ನಾನು ನೀಲಾಂಬಿಕೆಯ ಕೊರಳಿಗೆ ಬಿದ್ದೆ. ಅದುವರೆಗೆ ಅವಳನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಕಪ್ಪತಗುಡ್ಡದ ಕೆಳಗೆ ಕಲ್ಲು ಆಯುವಾಗ ಜಾಲಿಮುಳ್ಳು ಚುಚ್ಚಿ "ಯವ್ವಾ" ಅಂದಳು. ಒಂದು ಕಚ್ಚು. ಆಡು ಮೇಯಿಸುವ ಮುದುಕಿಯೊಬ್ಬಳು ನಿಂತು ನೋಡಿ, "ಏನವಾ, ನಾಲಿಗಿ ಮನ್ಯಾಗ ಇಟ್ಟು ಬಂದೀಯೇನ?" ಅಂದಳು.

"ಇಲ್ಲಬೇ" ಅಂದುಬಿಟ್ಟಳು ನೀಲಾ. ಎರಡು. ಆಮೇಲೆ ತುಟಿ ಕಚ್ಚಿಕೊಂಡೇ ನಡೆದಳು.

ಮಧ್ಯಾಹ್ನ ಗೆಳತಿ ಹುಸೇನಬಿಯ ಜೊತೆ ಕೆರೆಗೆ ನೀರು ತರಲು ಹೋದಳು. ಹುಸೇನಬಿಯ ಬಾಣಕ್ಕೆ ಒಂದೂ ಕಚ್ಚು ಬಿದ್ದಿರಲಿಲ್ಲ. ಪಾಚಿಯ ಮೇಲೆ ಕಾಲು ಜಾರಿ ಅವಳು ನೀರಿಗೆ ಬಿದ್ದಳು. ಮುಳುಗುವಾಗಲೂ ಕೂಗಲಿಲ್ಲ. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ನೀಲಾ ನನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಮರುಗಳಿಗೆ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದಳು. ಅಕ್ಕೋರು ಓಡಿಬಂದು, ನೀರಿಗಿಳಿದು, ಹುಸೇನಬಿಯನ್ನು ದಡಕ್ಕೆ ಎಳೆದು ತಂದರು.

ಸಂಜೆ ಬೆಂಕಿಯ ಮುಂದೆ ಅಕ್ಕೋರು ನನ್ನ ಕಚ್ಚು ಎಣಿಸಿದರು; ಆ ಕೂಗು ಮೂರನೆಯದು. ಮೊದಲ ವರ್ಷವೇ ನಿಯಮ ಬಗ್ಗಿದರೆ ಬಳಗ ನಿಲ್ಲುವುದಿಲ್ಲ ಅಂದರು. ನೀಲಾ ತಾನೇ ನನ್ನನ್ನು ಬಿಚ್ಚಿ ಕೊಟ್ಟಳು. ಅಕ್ಕೋರು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ನಾನು ಮುರಿದುಹೋದೆ.

ಈಗ ಎರಡು ತುಂಡಾಗಿ ತಗಡಿನ ಪೆಟ್ಟಿಗೆಯೊಂದರಲ್ಲಿದ್ದೇನೆ. ಬೇವಿನ ಕಹಿಗೆ ಹುಳ ಹತ್ತಿಲ್ಲ. ಹೊಸ ಹುಡುಗಿಯರಿಗೆ ನನ್ನನ್ನು ತೋರಿಸಿ ಹೆದರಿಸುತ್ತಾರೆ. ಯಾಕೆ ಮುರಿದರೆಂದು ಹೇಳುವುದಿಲ್ಲ. ಮುಚ್ಚಳ ತೆರೆದಾಗಲೆಲ್ಲ ನಡುಗುತ್ತೇನೆ. ಮುರಿಯಲು ನನ್ನಲ್ಲಿ ಇನ್ನೇನೂ ಇಲ್ಲ. ಭಯ ಮಾತ್ರ ಮುರಿಯದೆ ಉಳಿದಿದೆ.

ಈ ವರ್ಷದ ಮೌನದ ಹಗಲಿಗೆ ಹುಸೇನಬಿಯೂ ಬಂದಿದ್ದಳು. ಅವಳ ತಲೆಯಲ್ಲೀಗ ಬಿಳಿಕೂದಲು. ತನ್ನ ಬಾಣ ಕೊರಳಲ್ಲಿರುವಾಗಲೇ, ನನ್ನ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು, ಮುಪ್ಪಾದ ಅಕ್ಕೋರ ಮುಂದೆ ನಿಂತಳು.

"ಅಕ್ಕೋರ, ನೀಲಾನ್ನ ಬಳಗಕ್ಕ ಕರಕೋರಿ."

ಮಾತಾಡಿದ್ದಕ್ಕೆ ಕಚ್ಚು ಹಾಕಿಸಿಕೊಳ್ಳಲು ತನ್ನ ಬಾಣವನ್ನೂ ಬಿಚ್ಚಿ ಮುಂದೆ ಚಾಚಿದಳು.