ದಾರಿ ಮೊದಲು ದನಕ್ಕೆ

ಗೆಣಸಿನ ಸಿಪ್ಪೆಯ ಎರಡನೇ ಬುಟ್ಟಿಯನ್ನು ನಡುರಸ್ತೆಗೆ ಸುರಿಯುವಷ್ಟರಲ್ಲಿ ತಿರುವಿನಲ್ಲಿ ಒರೆನ್‌ನ ವ್ಯಾನು ಕಾಣಿಸಿತು. ನನ್ನ ಏಳು ದನಗಳೂ ಆಗಲೇ ರಸ್ತೆ ತುಂಬ ನಿಂತಿದ್ದವು. ಮುದಿ ಮೇವಿಸ್ ಮಲಗಿಯೇ ಬಿಟ್ಟಿತ್ತು.

ನಾರ್ಫೋಕ್ ದ್ವೀಪದಲ್ಲಿ ದಾರಿ ಮೊದಲು ದನಕ್ಕೆ. ಹಾರ್ನ್ ಹೊಡೆದವನನ್ನು ಊರೆಲ್ಲ ಆಡಿಕೊಳ್ಳುತ್ತದೆ. ಒರೆನ್ ನನ್ನ ಚಿಕ್ಕಪ್ಪನ ಮಗ, ಇಲ್ಲೇ ಹುಟ್ಟಿದವನು, ಹೊಡೆಯಲಾರ. ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತಿದ. ಎದುರಾದ ಎಲ್ಲರಿಗೂ ನಮಸ್ಕಾರ ಎನ್ನಲು ಇಲ್ಲಿ ಹಾಗೆ ಬೆರಳೆತ್ತುತ್ತೇವೆ, ಜಗಳವಾಡಿದವರಿಗೂ. ನಾನು ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅವನು ಇಳಿದು ಬಂದ. ಹಿಂದೆ ಅವನು ಕರೆತಂದ ಮೂವರು ಪ್ರವಾಸಿಗರು, ಕೊರಳಲ್ಲಿ ದುರ್ಬೀನು.

"ಲೆಟಿ ಅಕ್ಕ, ದನಾನ ಆಚೆಗೆ ಹೊಡಿ."

"ಅವಕ್ಕೆ ಹಸಿವು."

"ನಿನ್ನೆ ಬೇಲಿ ಒಳಗೇ ಇದ್ವಲ್ಲ."

"ನಿನ್ನೆ ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲ."

ಇನ್ನೂರು ಹೆಜ್ಜೆ ಆಚೆ, ರಸ್ತೆಯಂಚಿನ ಮರದ ಪೊಟರೆಯಲ್ಲಿ ಗೂಬೆಯ ಎರಡು ಮರಿಗಳಿವೆ. ದ್ವೀಪದಲ್ಲಿ ಉಳಿದಿರುವ ಗೂಬೆಗಳೆಲ್ಲ ಒಂದು ಬಸ್ಸಿನಲ್ಲಿ ಕೂರುವಷ್ಟು. ಹೋದ ವರ್ಷ ಇವನು ಕರೆತಂದವರು ಗಂಡುಗೂಬೆಯ ಕೂಗನ್ನು ಸ್ಪೀಕರಿನಲ್ಲಿ ಹಾಕಿ ತಾಯಿಯನ್ನು ಹೊರಗೆ ಎಳೆದರು, ಮತ್ತೆ ಮತ್ತೆ. ಕೊನೆಗೆ ಅದು ಗೂಡೇ ಬಿಟ್ಟಿತು. ಏಣಿ ಹತ್ತಿ ತಣ್ಣಗಾದ ಮೊಟ್ಟೆಗಳನ್ನು ಇಳಿಸಿದವಳು ನಾನು.

ಕೆಂಪು ಟೊಪ್ಪಿಯ ಹೆಂಗಸು ಮುಂದೆ ಬಂದಳು. "ನಾವೂ ಗೂಬೆ ಪ್ರೀತಿಸೋರೇ, ಮೇಡಂ. ಇದಕ್ಕೇ ಅಂತ ಮೂರು ವಿಮಾನ ಬದಲಾಯಿಸಿ ಬಂದಿದೀವಿ."

"ಅದು ನಿಮ್ಮನ್ನ ಕರೆದಿತ್ತಾ?"

ಒರೆನ್ ತುಟಿ ಕಚ್ಚಿ ನಗು ನುಂಗಿದ. ನಂತರ ವ್ಯಾನಿನಿಂದ ಸ್ಪೀಕರ್ ತಂದ.

"ತಗೊ, ನಿನ್ನ ಹತ್ರಾನೇ ಇರ್ಲಿ. ಐದು ನಿಮಿಷ ನೋಡ್ಕೊಂಡು ಬರ್ತೀವಿ."

"ಹೋದ ವರ್ಷಾನೂ ಕೊನೆಗೆ ನೀನು ಇದನ್ನೇ ಕೊಟ್ಟಿದ್ದೆ. ಅವರ ಜೇಬಲ್ಲಿ ಫೋನಿತ್ತು, ಅದ್ರಲ್ಲೇ ಕೂಗು ಹಾಕಿದ್ರು."

ಅವನ ಕಿವಿ ಕೆಂಪಾಯಿತು. ಹೆಂಗಸಿನ ಟೊಪ್ಪಿಯನ್ನು ಕೇಳಿ ಇಸಿದುಕೊಂಡು, ಸ್ಪೀಕರನ್ನೂ ನಾಲ್ವರ ಫೋನುಗಳನ್ನೂ ಅದರೊಳಗೆ ಹಾಕಿದ. ಒಬ್ಬ ಗೊಣಗಿದಾಗ ಒರೆನ್ ತಾನೇ ಅವನ ಜೇಬಿಗೆ ಕೈಹಾಕಿ ಫೋನು ತೆಗೆದ.

"ಈಗ? ನೀನೂ ಜೊತೆಗೆ ಬಾ. ನನ್ನ ಮಾತು ಬೇಡ, ಕಣ್ಣಾರೆ ನೋಡ್ಕೊ." ಟೊಪ್ಪಿಯನ್ನು ನನ್ನ ಬುಟ್ಟಿಯ ಮೇಲೆ ಹಿಡಿದ. "ಇನ್ನೇನು ಕೊಡ್ಲಿ, ಅಕ್ಕ?"

ಮೇವಿಸ್ ಮೆಲುಕು ಹಾಕುತ್ತಿತ್ತು.

"ಬೇಡ," ಎಂದೆ. "ವ್ಯಾನ್ ಹಿಂದಕ್ಕೆ ತಗೊ."