ಎಲ್ಲ ಸರ್ವರ್‌ಗಳ ಭಾವ

ಕಚೇರಿಯಲ್ಲಿ ಅವಳಿಗೆ ಪಿಸುಮಾತು ಎಂದೇ ಹೆಸರು. ಬಾಯಿ ಬಿಟ್ಟರೆ ಮುತ್ತು ಉದುರಿಹೋದೀತು ಎಂಬಂತೆ ಇರುವ ಹುಡುಗಿ. ಅಂಥವಳು ಆ ಬೆಳಿಗ್ಗೆ ಗ್ರಂಥಾಲಯದ ಸರ್ವರ್ ಕೋಣೆಯಲ್ಲಿ, ಮುಖ್ಯಸ್ಥರ ಎದುರಿಗೇ, "ಸರ್, ಎಲ್ಲಾ ಮಷಿನ್‌ಗೂ ಒಂದೇ ಸ್ಕ್ರಿಪ್ಟ್ ಸಾಕು. ಆಜ್ಞೆಗಳನ್ನ ಒಂದ್ಸಲ ಬರೆದಿಟ್ರೆ ಎಲ್ಲಾ ಕಡೆ ಅದೇ ಮಾಡುತ್ತೆ" ಎಂದುಬಿಟ್ಟಳು.

ಮುಖ್ಯಸ್ಥರನ್ನು ಬೆನ್ನ ಹಿಂದೆ ಫುಲ್‌ಸ್ಟಾಪ್ ಎನ್ನುತ್ತಿದ್ದರು. ಅವರು ಮಾತಾಡಿದ ಮೇಲೆ ಇನ್ನೊಬ್ಬರು ಮಾತಾಡುವಂತಿರಲಿಲ್ಲ. ಒಂದೊಂದು ಸರ್ವರ್‌ಗೂ ಅದೇ ಪಾಸ್‌ವರ್ಡ್ ನಿಯಮ, ಅದೇ ಬ್ಯಾಕಪ್ ಹೊತ್ತು ಎಂದು ಕೈಯಾರೆ ಟೈಪ್ ಮಾಡಿ ಬೆರಳು ಸವೆಸಿಕೊಂಡವರು.

"ಒಂದೇ ಒಂದು ಛಾನ್ಸ್ ಕೊಡ್ತೀನಮ್ಮ. ಕೆಟ್ಟರೆ ಮತ್ತೆ ಸ್ಕ್ರಿಪ್ಟ್ ಅಂತ ಉಸಿರೆತ್ತಬಾರ್ದು. ನನ್ನ ಹಾಗೇ ಕೈಯಲ್ಲಿ ಮಾಡ್ಬೇಕು. ಆಯ್ತಾ?"

ಈ ಚಳಿ ಕೋಣೆಯಲ್ಲಿ ಅದದೇ ಸಾಲು ಟೈಪ್ ಮಾಡುತ್ತಾ ತಾನು ಮುದುಕಿಯಾಗುವ ಚಿತ್ರ ಅವಳ ಕಣ್ಣಿಗೆ ಕಟ್ಟಿತು. ಉಸಿರು ಬಿಗಿಹಿಡಿದು ಎಂಟರ್ ಒತ್ತಿದಳು.

ಪರದೆಯ ಮೇಲೆ ಸಾಲುಗಳು ಸರಸರನೆ ಏರಿದವು. ಒಂದೊಂದೇ ಸರ್ವರ್ ತಲೆಬಾಗಿಸಿ ಒಪ್ಪಿಕೊಂಡಿತು. ಅವಳಿಗೆ ಅಲ್ಲೇ ಕುಣಿಯಬೇಕು ಅನಿಸಿತು.

ಫುಲ್‌ಸ್ಟಾಪ್ ಪರೀಕ್ಷಿಸಲೆಂದು ಒಂದಕ್ಕೆ ಲಾಗಿನ್ ಆದರು. ಹುಬ್ಬು ಹಣೆಗೇರಿತು.

"ಇದೇನಮ್ಮ ಇದು?"

ಅನುಮತಿಯಿಲ್ಲದವರಿಗೆ ಎಚ್ಚರಿಕೆ ಕಾಣಬೇಕಾದ ಜಾಗದಲ್ಲಿ ಹೀಗಿತ್ತು: 'ಬಂದ್ರಾ ಭಾವ? ಚಪ್ಪಲಿ ಹೊರಗೆ ಬಿಟ್ಟು ಬನ್ನಿ.'

ಅವಳಿಗೆ ತಟ್ಟನೆ ನೆನಪಾಯಿತು. ಭಾನುವಾರ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಸ್ಕ್ರಿಪ್ಟ್ ಪರೀಕ್ಷಿಸುವಾಗ ಅವಳ ಅಕ್ಕ ಜೊತೆಗೇ ಕೂತಿದ್ದಳು. ಕೆಸರು ಚಪ್ಪಲಿಯಲ್ಲೇ ಒಳಗೆ ನುಗ್ಗುವ ತನ್ನ ಗಂಡ ಓದಿ ನಾಚಲಿ ಎಂದು ಅಕ್ಕ ಬರೆಸಿದ ಸಾಲು ಅದು. ತೆಗೆಯಲು ಮರೆತುಹೋಗಿತ್ತು. ಸ್ಕ್ರಿಪ್ಟೋ, ನಿಯತ್ತಿನ ಪ್ರಾಣಿ. ಹೇಳಿದ್ದನ್ನು ಒಂದು ಮಷಿನ್ನೂ ಬಿಡದೆ ಮಾಡಿತ್ತು.

ಫುಲ್‌ಸ್ಟಾಪ್ ಇನ್ನೊಂದಕ್ಕೆ ಹೋದರು. ಅಲ್ಲೂ ಭಾವ. ಮತ್ತೊಂದಕ್ಕೆ ಹೋದರೂ ಅದೇ ಉಪಚಾರ.

ತಂತಿ ಜೋಡಿಸುತ್ತಿದ್ದ ಕೇಬಲಣ್ಣ ಇಣುಕಿ ನೋಡಿದ. "ಏನ್ ಸರ್, ಎಲ್ಲಿ ಹೋದ್ರೂ ಮಾವನ ಮನೆಗೆ ಹೋದ ಹಾಗಾಯ್ತಲ್ಲ ನಿಮಗೆ!"

ಫುಲ್‌ಸ್ಟಾಪ್ ತಮಗರಿವಿಲ್ಲದೆ ತಮ್ಮ ಕಾಲಿನ ಬೂಟು ನೋಡಿಕೊಂಡರು. ಅವಳಿಗೆ ಅಳು ಬರಬೇಕಿತ್ತು; ಬಂದದ್ದು ನಗು. ತುಟಿ ಕಚ್ಚಿ ತಡೆದಳು.

"ಸರ್, ಒಂದೇ ಸಾಲು. ತಿದ್ದಿ ಮತ್ತೆ ಓಡಿಸ್ತೀನಿ."

"ಮತ್ತೆ ಓಡ್ಸಿದ್ರೆ ಎಲ್ಲಾ ಎರಡೆರಡು ಸಲ ಆಗಿ ಗಬ್ಬೆದ್ದು ಹೋಗಲ್ವಾ?"

"ಇಲ್ಲ ಸರ್!" ಫ್ಯಾನುಗಳ ಮೊರೆತವನ್ನೂ ಮೀರಿದ ದನಿ ತನ್ನದೇ ಎಂದು ತಿಳಿದು ಅವಳು ಬೆಚ್ಚಿದಳು. ಆದರೂ ನಿಲ್ಲಿಸಲಿಲ್ಲ. "ಅದು ಮೊದ್ಲು ನೋಡುತ್ತೆ. ಸರಿ ಇದ್ರೆ ಮುಟ್ಟೋದೇ ಇಲ್ಲ. ತಪ್ಪಿರೋದನ್ನ ಮಾತ್ರ ತಿದ್ದುತ್ತೆ."

ತಿದ್ದಿ ಓಡಿಸಿದಳು. ಪ್ರತಿ ಸರ್ವರ್‌ನಲ್ಲೂ ಬದಲಾದದ್ದು ಆ ಒಂದೇ ಸಾಲು. ಮಿಕ್ಕದ್ದೆಲ್ಲ ಇದ್ದಲ್ಲೇ ಇತ್ತು.

"ಮುಗೀತು ಸರ್ ಬೀಗತನ," ಎಂದ ಕೇಬಲಣ್ಣ.

ಫುಲ್‌ಸ್ಟಾಪ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿ ಕೇಳಿದರು: "ನಾನೊಂದ್ ಸಲ ಒತ್ಲಾ?"

"ಒತ್ತಿ ಸರ್."

ಒತ್ತಿದರು. ಸಾಲುಗಳು ಏರಿದವು; ಈಗ ಎಲ್ಲ ಸರಿಯಿದ್ದುದರಿಂದ ಎಲ್ಲೂ ಏನೂ ಬದಲಾಗಲಿಲ್ಲ. ಅವರ ಮುಖ ಊರಗಲವಾಯಿತು.

"ಏನೂ ಆಗ್ಲಿಲ್ಲ!"

"ಹೂಂ ಸರ್, ಏನೂ ಆಗಲ್ಲ!"

"ಮೇಲಿನ ಮಹಡಿ ಮಷಿನ್‌ಗಳನ್ನೂ ಇದಕ್ಕೇ ಸೇರಿಸಮ್ಮ," ಎನ್ನುತ್ತಾ ಅವರು ಇನ್ನೊಮ್ಮೆ ಒತ್ತಿದರು.