ಇವತ್ತಿನ ಕತ್ತಲೆ ಯಾರು?

ನಮ್ಮ ಲ್ಯಾಬಿನಲ್ಲಿ ಕತ್ತಲೆ ಅಂದರೆ ಒಳ್ಳೆಯದು. ಹೊಸಬರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಗಾಜಣ್ಣನಿಗೆ ಸಾಕುಸಾಕಾಗುತ್ತದೆ. ಇಡೀ ದಿನ ಗಾಜಿನ ಪಟ್ಟಿಗಳ ಜೊತೆ ಕೆಲಸ ಮಾಡುವುದರಿಂದ ಅವನಿಗೆ ಆ ಹೆಸರು.

ಮೈಮೇಲೆ ನೀರುಗುಳ್ಳೆ ಏಳುವ ಒಂದು ರೋಗವಿದೆ. ಬೆಂಕಿ ತಾಗಿ ಬಂದದ್ದಲ್ಲ, ಯಾರಿಂದಲೋ ಅಂಟಿದ್ದೂ ಅಲ್ಲ. ಮೈಯನ್ನು ಕಾಯಬೇಕಾದ ಪಡೆಯೇ ತಲೆಕೆಟ್ಟು, ಚರ್ಮವನ್ನು ಹಿಡಿದಿಟ್ಟಿರುವ ಅಂಟನ್ನು ಕಿತ್ತುಹಾಕುತ್ತದೆ. ಆ ರೋಗ ಇರುವವರ ರಕ್ತದ ತಿಳಿಯನ್ನು ಗಾಜಿನ ಮೇಲಿನ ಚರ್ಮದಂಥ ತೆಳು ಪೊರೆಗೆ ಹಾಕಿ, ಹೊಳೆಯುವ ಬಣ್ಣ ಸೇರಿಸಿ, ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ಪಡೆ ಕೂತಲ್ಲೆಲ್ಲ ಹಸಿರು ಬಲೆ ಹೊಳೆಯುತ್ತದೆ. ಪ್ರತಿ ಸಲವೂ ರೋಗಿಗಳ ಜೊತೆ ಆರೋಗ್ಯವಾಗಿರುವ ಒಬ್ಬರ ತಿಳಿಯನ್ನೂ ಇಡಬೇಕು. ಅದು ಕಪ್ಪಾಗಿ ಉಳಿದರೆ ಮಿಕ್ಕದ್ದನ್ನೆಲ್ಲ ನಂಬಬಹುದು. ಅದೂ ಹೊಳೆದರೆ ಪರೀಕ್ಷೆ ಕೆಟ್ಟಿದೆ ಎಂದರ್ಥ. ಎಲ್ಲವನ್ನೂ ಬಿಸಾಡಿ ಮತ್ತೆ ಮೊದಲಿನಿಂದ ಶುರು. ಆ ಆರೋಗ್ಯವಂತರನ್ನೇ ನಾವು ಕತ್ತಲೆ ಎನ್ನುವುದು.

ಲ್ಯಾಬ್ ಶುರುವಾದಾಗಿನಿಂದ ಕತ್ತಲೆ ನನ್ನ ಚಿಕ್ಕಮ್ಮ, ಅಮ್ಮನ ತಂಗಿ, ಈ ಲ್ಯಾಬಿನ ಡಾಕ್ಟರು.

"ಬೇರೆ ಕಡೆ ಎಲ್ಲ ಡಾಕ್ಟ್ರುಗಳು ತಾವೇ ದೀಪ ಅಂತಾರೆ," ಎಂದು ಗಾಜಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. "ನಮ್ಮ ಡಾಕ್ಟ್ರು ಒಬ್ರೇ ನೋಡಿ, ನಾನು ಕತ್ತಲೆ ಅಂತ ಜಂಭ ಪಡೋದು."

ನಾನು ಶಾಲೆ ಬಿಟ್ಟ ಮೇಲೆ ಚಿಕ್ಕಮ್ಮನೇ ನನ್ನನ್ನು ಕರೆದುಕೊಂಡು ಬಂದು ಮನೆಯಲ್ಲೂ ಲ್ಯಾಬಿನಲ್ಲೂ ಇಟ್ಟುಕೊಂಡಳು. ಟ್ಯೂಬುಗಳಿಗೆ ಲೇಬಲ್ ಅಂಟಿಸುವುದು, ಗಾಜು ತೊಳೆಯುವುದು, ವಾರ್ಡಿಗೆ ಅವಳ ಹಿಂದೆ ಹೋಗಿ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ವಾರ್ಡಿನಲ್ಲಿ ಅವಳು ಮಾಡುವುದು ಒಂದೇ. ಗುಳ್ಳೆಯ ಪಕ್ಕದ ಚೆನ್ನಾಗಿರುವ ಚರ್ಮದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಸರಿಸುತ್ತಾಳೆ. ಕೆಲವರದ್ದು ಗಟ್ಟಿ ನಿಲ್ಲುತ್ತದೆ. ಕೆಲವರದ್ದು ನೆನೆದ ಕಾಗದದ ಹಾಗೆ ಮೇಲಿನ ಪದರ ಸರಿದುಬಿಡುತ್ತದೆ, ಅಂಟು ಬಿಟ್ಟಿದೆ ಎಂದರ್ಥ. "ಜಾರ್ತು" ಎನ್ನುತ್ತಾಳೆ, ಇಲ್ಲವೇ "ಇಲ್ಲ" ಎನ್ನುತ್ತಾಳೆ. ನಾನು ಬರೆದುಕೊಳ್ಳುತ್ತೇನೆ.

ಅವಳು ಈ ರೋಗದ ಹಿಂದೆ ಬಿದ್ದದ್ದು ಒಬ್ಬ ಬಡಗಿಯಿಂದ. ಅವಳು ಆಗಿನ್ನೂ ಎಳೆಯ ಡಾಕ್ಟರು. ಬಡಗಿಯ ಅಂಗಿ ಬಿಚ್ಚಿದರೆ ಬೆನ್ನಿನ ಚರ್ಮವೂ ಜೊತೆಗೆ ಬಂತಂತೆ. ದೊಡ್ಡ ಪ್ರಮಾಣದಲ್ಲಿ ಮಾತ್ರೆ ಕೊಟ್ಟಳು. ಆ ಮಾತ್ರೆ ತಲೆಕೆಟ್ಟ ಪಡೆಯನ್ನು ಮಲಗಿಸುತ್ತದೆ. ಗುಳ್ಳೆಗಳೆಲ್ಲ ಒಣಗಿದವು. ಬಡಗಿ ಮಂಚದ ಕಾಲು ಅಲುಗಾಡುವುದನ್ನು ನೋಡಿ, ಮನೆಗೆ ಹೋಗುವ ಮೊದಲು ಸರಿ ಮಾಡಿಕೊಡುತ್ತೇನೆ ಎಂದಿದ್ದನಂತೆ. ಆಮೇಲೆ ಸಣ್ಣಗೆ ಕೆಮ್ಮು ಶುರುವಾಯಿತು. ಕಾಯುವ ಪಡೆ ಮಲಗಿದ್ದರಿಂದ ಸೋಂಕು ನೇರವಾಗಿ ಶ್ವಾಸಕೋಶಕ್ಕೆ ಇಳಿಯಿತು. ಅವನು ಮನೆಗೆ ಹೋಗಲಿಲ್ಲ.

"ರೋಗ ಅವನನ್ನ ಬಿಟ್ಟಿತ್ತು ಕಣೇ ಮರಿ. ನಾನು ಬಿಡಲಿಲ್ಲ," ಎಂದು ಚಿಕ್ಕಮ್ಮ ಒಂದೇ ಒಂದು ಸಲ ಹೇಳಿದ್ದಳು.

ಅಲ್ಲಿಂದ ಮುಂದೆ ಅವಳ ಬದುಕೆಲ್ಲ ಅದೇ ಆಯಿತು. ಮಾತ್ರೆ ಎಷ್ಟು ಕೊಡಬೇಕು, ಯಾವಾಗ ಇಳಿಸಬೇಕು ಎಂದು ರಕ್ತವನ್ನು ನೋಡಿ ಹೇಳಲು ಬರುತ್ತದೆಯೇ ಎಂದು ಹುಡುಕಿದಳು. ಚರ್ಮದಲ್ಲಿ ಗುಳ್ಳೆ ಏಳುವ ಮೊದಲೇ ಗಾಜಿನ ಮೇಲೆ ಬಲೆ ಕಾಣಿಸಿಕೊಳ್ಳಬಹುದು ಎಂದು ಬರೆದಳು. ದೂರದೂರದ ಡಾಕ್ಟರುಗಳು ಅವಳ ಮಾತು ಕೇಳಲು ಬರುತ್ತಿದ್ದರು.

ಆ ಸೋಮವಾರ ವಾರ್ಡಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಅಂಗೈ ತುಂಬ ಗುಳ್ಳೆ, ತೊಡೆಯ ಮೇಲೂ, ಬಾಯೊಳಗೂ ಗುಳ್ಳೆ. ಗುಳ್ಳೆಯ ರೋಗಗಳಲ್ಲಿ ಇದು ಯಾವುದು ಎಂದು ತಿಳಿಯದೆ ಮಾತ್ರೆಯ ಪ್ರಮಾಣ ಹೇಳುವ ಹಾಗಿರಲಿಲ್ಲ. ನಾನು ಅವನ ಟ್ಯೂಬಿಗೂ ಚಿಕ್ಕಮ್ಮನ ಟ್ಯೂಬಿಗೂ ಲೇಬಲ್ ಅಂಟಿಸಿದೆ. ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಗಾಜಣ್ಣ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನು ತಲೆಯೆತ್ತಿದ.

"ಡಾಕ್ಟ್ರೇ, ಇವತ್ತು ಕತ್ತಲೆ ಬೆಳಗ್ತಿದೆ."

ಚಿಕ್ಕಮ್ಮ ಅವನನ್ನು ಸರಿಸಿ ನೋಡಿದಳು. ಮೈಕ್ರೋಸ್ಕೋಪಿನ ಸಂದಿಯಿಂದ ಬಂದ ಹಸಿರು ಅವಳ ಕೆನ್ನೆಯ ಮೇಲೆ ಬಿದ್ದಿತ್ತು.

"ಲೇಬಲ್ ಅದಲುಬದಲಾಗಿದೆ," ಎಂದಳು. ನನ್ನ ಕಡೆ ತಿರುಗದೆಯೇ, "ಕಣ್ಣೆಲ್ಲಿಟ್ಟಿದ್ದೆ?" ಎಂದಳು.

ಅದಲುಬದಲಾಗಿರಲಿಲ್ಲ. ಡ್ರೈವರನ ಗಾಜೂ ಹೊಳೆಯುತ್ತಿತ್ತಲ್ಲ, ಅದಲುಬದಲಾಗಿದ್ದರೆ ಒಂದಾದರೂ ಕಪ್ಪಗಿರಬೇಕಿತ್ತು. ಅದು ನನಗಿಂತ ಮೊದಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದಳಲ್ಲ ಎಂಬುದೇ ನನ್ನನ್ನು ಹೆದರಿಸಿತು.

ಮರುದಿನ ಮತ್ತೆ ಮಾಡಿದರು. ಕತ್ತಲೆ ಮತ್ತೆ ಬೆಳಗಿತು. ಈ ಸಲ ಬಣ್ಣ ಕೆಟ್ಟಿದೆ ಎಂದಳು. ಹೊಸ ಬಾಟಲಿ ತರಿಸಿದಳು. ಆಗಲೂ ಅಷ್ಟೇ. ವಾರ್ಡಿನ ಬಾಗಿಲಲ್ಲಿ ಡ್ರೈವರನ ಹೆಂಡತಿ ನಿಂತು ಕಾಯುತ್ತಿದ್ದಳು.

"ರಿಪೋರ್ಟು ಬಂತಾ ಡಾಕ್ಟ್ರಮ್ಮ? ನೀರು ಕುಡಿಯೋಕೂ ಆಗ್ತಿಲ್ಲ ಅವ್ರಿಗೆ."

"ಪರೀಕ್ಷೆ ಕೆಟ್ಟಿದೆ. ಇನ್ನೊಂದು ಸಲ ಮಾಡ್ತೀವಿ."

"ಪರೀಕ್ಷೆಗೂ ಕಾಯಿಲೆ ಬರತ್ತಾ?" ಎಂದು ಆ ಹೆಂಗಸು ಕೇಳಿದಳು. ಚಿಕ್ಕಮ್ಮ ಲ್ಯಾಬಿನ ಕಡೆ ನಡೆದಳು.

ಗಾಜಣ್ಣ ಅಂಗಿಯ ತೋಳು ಮಡಚಿಕೊಂಡು ಬಂದ. "ನನ್ನ ರಕ್ತ ತಗೊಳ್ಳಿ ಡಾಕ್ಟ್ರೇ. ಒಂದಿನ ನಾನೂ ಕತ್ತಲೆ ಆಗ್ತೀನಿ. ಹೆಂಗೂ ನನ್ನ ಹೆಂಡ್ತಿ ನನ್ನ ಕಂಡ್ರೆ ಕಣ್ಣು ಕತ್ತಲೆ ಬರತ್ತೆ ಅಂತಾಳೆ."

"ಬೇಡ."

"ಯಾಕೆ?"

"ನಿನ್ನ ಮೈಯೆಲ್ಲ ಕಜ್ಜಿ. ಹೋಗು, ಗಾಜು ಒರೆಸು."

ಗಾಜಣ್ಣ ನಕ್ಕ. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಬೇರೊಬ್ಬರ ಕತ್ತಲೆ ಇಟ್ಟರೆ, ಅದು ಕಪ್ಪಾಗಿ ಉಳಿದರೆ, ಆಗ ಕೆಟ್ಟಿರುವುದು ಬಣ್ಣವಲ್ಲ ಎಂದಾಗುತ್ತದೆ. ಅವಳಿಗೆ ಬೇರೆ ಕತ್ತಲೆ ಬೇಡವಾಗಿತ್ತು.

ಅಂದಿನಿಂದ ಮನೆಯಲ್ಲಿ ನಾನು ಅವಳನ್ನೇ ನೋಡತೊಡಗಿದೆ. ಬ್ರೆಡ್ಡನ್ನು ಹಾಲಿನಲ್ಲಿ ಮುದ್ದೆಯಾಗುವ ತನಕ ನೆನೆಸಿ, ನಾಲಿಗೆಗೆ ತಾಗದ ಹಾಗೆ ನುಂಗುತ್ತಿದ್ದಳು. "ಏನು ಚಿಕ್ಕಮ್ಮ, ಹಲ್ಲು ಬರದ ಮಗು ಥರ?" ಎಂದು ಧೈರ್ಯ ಮಾಡಿ ಕೇಳಿದೆ. "ವಯಸ್ಸಾಯ್ತಲ್ಲ, ವಾಪಸ್ ಹೋಗ್ತಾ ಇದೀನಿ," ಎಂದಳು. ಬಚ್ಚಲಿನ ಲೋಟದಲ್ಲಿ ಅವಳ ಹಲ್ಲುಜ್ಜುವ ಬ್ರಷ್ಷಿನ ಬಿಳಿ ಎಳೆಗಳು ತಿಳಿಗೆಂಪಾಗಿದ್ದವು. ಒಗೆಯಲು ಹಾಕಿದ ದಿಂಬಿನ ಚೀಲದಲ್ಲಿ ಸಣ್ಣ ಕಂದು ಚುಕ್ಕೆಗಳಿದ್ದವು. ನಾನು ಅವನ್ನು ಸೋಪು ಹಚ್ಚಿ ಉಜ್ಜಿದೆ. ಈ ರೋಗ ಬಹಳ ಜನರಲ್ಲಿ ಬಾಯಿಂದಲೇ ಶುರುವಾಗುತ್ತದೆ ಎಂದು ಅವಳೇ ವಿದ್ಯಾರ್ಥಿಗಳಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ.

ಇನ್ನೊಂದು ಮಾತನ್ನೂ ಕೇಳಿದ್ದೆ. ರೋಗಿಯ ರಕ್ತಸಂಬಂಧಿಗಳಲ್ಲೂ ಕೆಲವರ ಗಾಜು ಮಂಕಾಗಿ ಹೊಳೆಯುವುದುಂಟು. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಬಾಯಿ ತೆರೆದು ನನ್ನ ಕೆನ್ನೆಯ ಒಳಭಾಗವನ್ನೂ ನೋಡಿಕೊಳ್ಳತೊಡಗಿದೆ.

ಶುಕ್ರವಾರ ಬೆಳಿಗ್ಗೆ ಚಿಕ್ಕಮ್ಮ ನನ್ನನ್ನು ಕೋಣೆಗೆ ಕರೆದಳು. ಕಿಟಕಿಯ ಪರದೆ ಪೂರ್ತಿ ಸರಿಸಿ ಬೆಳಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಟವೆಲನ್ನು ಎದೆಗೆ ಅವುಚಿಕೊಂಡಿದ್ದಳು.

"ಮರಿ, ಬೆನ್ನಲ್ಲಿ ಏನೋ ಇದೆ. ನಂಗೆ ಕಾಣಲ್ಲ, ಕೈ ಎಟುಕಲ್ಲ. ನೋಡು."

ಭುಜದ ಕೆಳಗೆ ಒಂದು ಗುಳ್ಳೆಯಿತ್ತು. ದೊಡ್ಡದೇನಲ್ಲ, ಸಡಿಲವಾಗಿ, ಸುಕ್ಕಾಗಿ ಕೂತಿತ್ತು.

"ಇದೆ," ಎಂದೆ.

"ಹೆಬ್ಬೆರಳಿಡು. ಪಕ್ಕದಲ್ಲಿ, ಚೆನ್ನಾಗಿರೋ ಕಡೆ."

"ನಾನಾ?"

"ಮತ್ತಿನ್ಯಾರು, ಗಾಜಣ್ಣನ್ನ ಕರೀಲಾ ಇಲ್ಲಿಗೆ? ಇಷ್ಟು ವರ್ಷ ನೋಡಿದೀಯಲ್ಲ. ಒತ್ತು. ಆಮೇಲೆ ನನ್ನ ಸಮಾಧಾನಕ್ಕೆ ಏನೂ ಹೇಳ್ಬೇಡ. ಎರಡರಲ್ಲಿ ಒಂದು ಮಾತು ಹೇಳು, ಸಾಕು."

ಹೆಬ್ಬೆರಳಿಟ್ಟೆ. ಅವಳ ಬೆನ್ನು ಬೆಚ್ಚಗಿತ್ತು. ಚಿಕ್ಕಂದಿನಲ್ಲಿ ನಾನು ಆ ಬೆನ್ನಿಗೆ ಆತು ನಿದ್ದೆ ಮಾಡಿದ್ದೆ. ಮೆಲ್ಲಗೆ ಒತ್ತಿ ಸರಿಸಿದೆ. ಬೆರಳಿನ ಕೆಳಗೆ ಏನೋ ಸದ್ದಿಲ್ಲದೆ ಕಳಚಿಕೊಂಡಿತು. ಕೆಳಗಿನ ಕೆಂಪು ತೇವ ಬೆಳಕಿಗೆ ಮಿನುಗಿತು.

ಕುರ್ಚಿಯ ಕೈ ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿದ್ದವು. 'ಇಲ್ಲ' ಎಂದುಬಿಡಲೇ? ಅಷ್ಟು ಅಂದರೆ ಇವತ್ತು ಅವಳು ನಗುತ್ತಾ ಲ್ಯಾಬಿಗೆ ಹೋಗುತ್ತಾಳೆ. ಇನ್ನೊಂದು ಬಾಟಲಿ ಬಣ್ಣ ತರಿಸುತ್ತಾಳೆ. ಡ್ರೈವರ್ ನೀರಿಲ್ಲದೆ ಕಾಯುತ್ತಿರುತ್ತಾನೆ.

"ಜಾರ್ತು," ಎಂದೆ.

ಚಿಕ್ಕಮ್ಮ ಕುರ್ಚಿಯ ಕೈ ಬಿಟ್ಟಳು.

"ಮಾತ್ರೆಗೆ ಹೆದರಿದೆ ಮರಿ," ಎಂದಳು ಕಿಟಕಿಯ ಕಡೆಗೆ ಬೆನ್ನಿಟ್ಟೇ. "ಗುಳ್ಳೆಗಲ್ಲ. ಆ ಬಡಗಿ ಕೆಮ್ಮಿದ ಸದ್ದು ಇನ್ನೂ ಕಿವೀಲಿದೆ. ಎಲ್ಲರಿಗೂ ಹೇಳ್ತೀನಿ, ಈಗ ಕಾಲ ಬದಲಾಗಿದೆ, ಹೊಸ ಔಷಧ ಬಂದಿದೆ, ಹೆದರ್ಬೇಡಿ ಅಂತ. ನನ್ನ ಮಾತು ನಂಗೇ ಹಿಡೀಲಿಲ್ಲ ನೋಡು."

ಲ್ಯಾಬಿನಲ್ಲಿ ಗಾಜಣ್ಣ ಟ್ಯೂಬುಗಳನ್ನು ಜೋಡಿಸುತ್ತಿದ್ದ. ಎಂದಿನಂತೆ ರಾಗ ಎಳೆದ. "ಇವತ್ತಿನ ಕತ್ತಲೆ ಯಾರು?"

ಚಿಕ್ಕಮ್ಮ ಏನೂ ಹೇಳುವ ಮೊದಲೇ ನಾನು ಸ್ಟೂಲಿನ ಮೇಲೆ ಕೂತು ತೋಳು ಮುಂದೆ ಮಾಡಿದೆ. ಅವಳು ನನ್ನ ಮುಖ ನೋಡಿದಳು. ನಾನು ಯಾವುದಕ್ಕೆ ಹೆದರಿದ್ದೇನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಇಬ್ಬರದೂ ಒಂದೇ ಮನೆಯ ರಕ್ತ.

"ನೀನೇ ಯಾಕೆ? ಗಾಜಣ್ಣ ಕೊಡ್ತಾನೆ."

"ಅವನಿಗೆ ಕಜ್ಜಿ," ಎಂದೆ.

ಗಾಜಣ್ಣ ಬಾಯಿ ತೆರೆದ. ಲ್ಯಾಬಿನಲ್ಲಿ ಬಾಯೇ ಬಿಡದ ನಾನು ಮಾತಾಡಿದ್ದು ಅವನಿಗೆ ಕಜ್ಜಿಗಿಂತ ದೊಡ್ಡ ಸುದ್ದಿಯಾಗಿತ್ತು. ಚಿಕ್ಕಮ್ಮ ತನ್ನ ತೋಳನ್ನೂ ಅವನ ಮುಂದಿಟ್ಟಳು. "ನಂದು ರೋಗಿಗಳ ಸಾಲಿಗೆ ಹಾಕು," ಎಂದಳು. ಅವನು ನಗಲು ಹೋಗಿ ನಿಲ್ಲಿಸಿದ.

ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಮೂವರೂ ಒತ್ತೊತ್ತಾಗಿ ನಿಂತೆವು. ಮೊದಲು ನನ್ನ ಗಾಜು. ಚಿಕ್ಕಮ್ಮ ಕಣ್ಣಿಟ್ಟಳು. ಅವಳು ಗಾಜನ್ನು ಆ ಕಡೆಗೆ, ಈ ಕಡೆಗೆ, ಮತ್ತೆ ಆ ಕಡೆಗೆ ಸರಿಸಿದಳು.

"ಕಪ್ಪು," ಎಂದಳು. "ಅಮಾವಾಸ್ಯೆ ಇದ್ದ ಹಾಗಿದೆ."

ಆಮೇಲೆ ಡ್ರೈವರನದು. ಬಲೆ. ಆಮೇಲೆ ಅವಳದು. ಈ ಸಲ ನನ್ನನ್ನೂ ನೋಡಲು ಬಿಟ್ಟಳು. ಸಣ್ಣ ಸಣ್ಣ ಹಸಿರು ಕಣ್ಣುಗಳ ಬಲೆ, ಒಂದು ಎಳೆಯೂ ಹರಿದಿರಲಿಲ್ಲ. ಚಿಕ್ಕಮ್ಮನ ಒಳಗೆ ಯಾರೋ ಕೂತು ಇಷ್ಟು ಅಚ್ಚುಕಟ್ಟಾಗಿ ಹೆಣೆಯುತ್ತಿದ್ದಾರೆ ಅನ್ನಿಸಿತು.

ಮೊದಲು ಡ್ರೈವರನ ರಿಪೋರ್ಟಿಗೆ ಸಹಿ ಹಾಕಿದಳು. ಅದನ್ನು ನಾನೇ ಒಯ್ದು ಅವನ ಹೆಂಡತಿಯ ಕೈಗೆ ಕೊಟ್ಟೆ. ಸಂಜೆ ತಾನೇ ಕಲಿಸಿದ ಒಬ್ಬ ಡಾಕ್ಟರನ ಎದುರು, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತಳು. ಅವನು ಮಾತ್ರೆ ಬರೆದು, ಚೀಟಿಯನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟ.

ಮನೆಯಲ್ಲಿ ಮೊದಲ ಮಾತ್ರೆ ನುಂಗಿ ಲೋಟ ಕೆಳಗಿಟ್ಟಳು.

"ಒಂದು ಮಾತು ಮರಿ. ನಂಗೆ ಜ್ವರ ಬಂದ್ರೆ, ಕೆಮ್ಮು ಬಂದ್ರೆ, ನಾನು ಏನಿಲ್ಲ ಅಂತೀನಿ. ಧೂಳು ಅಂತೀನಿ. ನನ್ನ ಮಾತು ನಂಬಬೇಡ."

ಬೆನ್ನಿನ ಗಾಯ ಒಣಗುತ್ತಿದೆ. ಬಾಯಿ ಹುಣ್ಣು ಮಾಯುತ್ತಿದೆ. ಬ್ರೆಡ್ಡನ್ನು ಈಗ ಹಾಗೇ ಕಚ್ಚಿ ತಿನ್ನುತ್ತಾಳೆ. ಎಲ್ಲ ಸರಿಹೋಗುತ್ತಿದೆ ಎಂದು ಗಾಜಣ್ಣ ಹೇಳುತ್ತಾನೆ. ಬಡಗಿಗೂ ಎಲ್ಲ ಸರಿಹೋಗುತ್ತಿತ್ತು. ಅವಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ನನ್ನ ಕಿವಿ ಹಿಂದೆ ಹೋಗುತ್ತದೆ.

ನಿನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಕೆಮ್ಮಿದಳು. ಸಣ್ಣಗೆ, ಒಂದೇ ಸಲ.

"ಏನಿಲ್ವೇ, ಧೂಳು," ಎಂದಳು.

ನಾನು ಒಲೆ ಆರಿಸಿದೆ. ಚಪ್ಪಲಿ ಮೆಟ್ಟಿ, ಅವಳ ಚಪ್ಪಲಿಯನ್ನೂ ಜೋಡಿಸಿಟ್ಟು, ಬಾಗಿಲು ತೆರೆದು ನಿಂತೆ.

"ನಡಿ ಚಿಕ್ಕಮ್ಮ," ಎಂದೆ.